ಅಂಗಡಿ ಮುಚ್ಚಿದರೆ ಮೊದಲು ಲಾರಿ ನೋಡಿ

ಊರು ಕಟ್ಟುವ ಕಂಪ್ಯೂಟರ್ ಆಟ, 2015ರ ಸಿಟೀಸ್: ಸ್ಕೈಲೈನ್ಸ್‌ನಲ್ಲಿ ಅಂಗಡಿಗಳ ಬೇಡಿಕೆಯ ನೀಲಿ ಪಟ್ಟಿ ಏರಿದ್ದು ಕಂಡರೆ ಸಾಕು, ನಮ್ಮ ಬೆಳಗಾವಿಯ ಹುಡುಗರು ಖಡೇಬಜಾರಿನಷ್ಟು ಉದ್ದದ ಬೀದಿಗೆ ಎರಡೂ ಬದಿ ಅಂಗಡಿ ವಲಯದ ನೀಲಿ ಬಳಿದುಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಅರ್ಧ ಅಂಗಡಿಗಳು ಪಾಳು ಬೀಳುತ್ತವೆ. ಕೆಡವುತ್ತಾರೆ, ಅದೇ ಜಾಗದಲ್ಲಿ ಹೊಸದು ಏಳುತ್ತದೆ, ಅದೂ ಮುಚ್ಚುತ್ತದೆ. ಆಟದ ಎರಡನೇ ಭಾಗದ ಲೆಕ್ಕ ಬೇರೆ.

ಹೊಸ ಅಂಗಡಿಗಳು ಬರಲು ತಯಾರಿವೆ ಎಂಬುದನ್ನಷ್ಟೇ ಪಟ್ಟಿ ತೋರಿಸುತ್ತದೆ. ಬಂದ ಅಂಗಡಿ ಉಳಿಯಬೇಕಾದರೆ ಕೆಲಸದವರು, ಗಿರಾಕಿ, ಮಾಲು ಮೂರೂ ಬೇಕು. ಕಟ್ಟಡದ ಮೇಲೆ ಹಾರುವ ಚಿಹ್ನೆಯ ಮೇಲೆ ಮೌಸ್ ಇಟ್ಟು ಯಾವುದು ಕಮ್ಮಿ ಎಂದು ಓದದೆ ಬುಲ್ಡೋಜರ್ ಮುಟ್ಟಬೇಡಿ, ದಯವಿಟ್ಟು.

ಗಿರಾಕಿ ಸಾಲದಿದ್ದರೆ ಮನೆಗಳಿಗೆ ಹೋಲಿಸಿದರೆ ಅಂಗಡಿ ಹೆಚ್ಚಾಗಿವೆ, ಇಲ್ಲವೇ ಜನರಿಗೆ ಅಲ್ಲಿಗೆ ಬರಲು ಸರಿಯಾದ ದಾರಿಯಿಲ್ಲ. ಬಾಗಲಕೋಟೆ ನವನಗರದ ಹಾಗೆ ಸೆಕ್ಟರ್ ಹಾಕಿ ಊರು ಕಟ್ಟುವವರು ವ್ಯಾಪಾರವನ್ನೆಲ್ಲ ಒಂದೇ ಸೆಕ್ಟರಿಗೆ ತುಂಬದೆ, ಪ್ರತಿ ವಸತಿ ಸೆಕ್ಟರಿನ ಅಂಚಿಗೂ ನಾಲ್ಕಾರು ಅಂಗಡಿ ಹಾಕಲಿ. ಅವು ಭರ್ತಿಯಾದ ಮೇಲೆ ಮುಂದಿನ ತುಂಡು.

ಆದರೆ ಹೆಚ್ಚಿನ ಊರುಗಳಲ್ಲಿ ಕಾಣುವುದು ಮಾಲಿನ ಕೊರತೆ, ಜನ ತಪ್ಪು ತಿಳಿಯುವುದೂ ಇಲ್ಲಿಯೇ. ಅಂಗಡಿಗೆ ಬೇಕಾದ ಸರಕು ತಯಾರಿಸುವುದು ಸಾಮಾನ್ಯ ಕೈಗಾರಿಕೆ. ಕೃಷಿ, ಅರಣ್ಯ, ಅದಿರು, ತೈಲ ಎಂದು ವಿಶೇಷ ಕೈಗಾರಿಕೆ ಮಾಡಿದ ಪ್ರದೇಶ ಕಚ್ಚಾ ಮಾಲು ಕೊಡುತ್ತದೆ, ಅಂಗಡಿಗೆ ನೇರವಾಗಿ ಏನನ್ನೂ ಕೊಡುವುದಿಲ್ಲ. ಆಫೀಸುಗಳೂ ಸರಕು ತಯಾರಿಸುವುದಿಲ್ಲ. ಆಫೀಸಿಗೂ ಕೈಗಾರಿಕೆಗೂ ಹಳದಿ ಪಟ್ಟಿ ಒಂದೇ ಆದ್ದರಿಂದ, ಹೊಗೆ ಬೇಡವೆಂದು ಅಲ್ಲೆಲ್ಲ ಆಫೀಸೇ ಕಟ್ಟಿದರೂ ಪಟ್ಟಿ ಇಳಿಯುತ್ತದೆ, ಊರು ಸರಿಯಾಗಿದೆ ಅನಿಸುತ್ತದೆ. ಆಮೇಲೆ ಅಂಗಡಿಯ ಮಾಲೆಲ್ಲ ಹೊರಗಿನಿಂದ, ಒಂದೇ ಹೆದ್ದಾರಿಯಿಂದ ಇಳಿಯುವ ಒಂದೇ ರಸ್ತೆಯಲ್ಲಿ ಬರಬೇಕು. ಆ ಕೂಡುರಸ್ತೆ ಕಟ್ಟಿಕೊಂಡಿತೆಂದರೆ ಊರಿಡೀ ಅಂಗಡಿಗಳು ಖಾಲಿ. ಉದ್ಯಮಬಾಗ ಕೈಗಾರಿಕಾ ಪ್ರದೇಶ ಇಲ್ಲದ ಬೆಳಗಾವಿಯನ್ನು ಕಲ್ಪಿಸಿಕೊಳ್ಳುತ್ತೀರಾ? ಸಾಮಾನ್ಯ ಕೈಗಾರಿಕೆಯನ್ನು ಸ್ವಲ್ಪವಾದರೂ ಉಳಿಸಿಕೊಳ್ಳಿ.

ಕೈಗಾರಿಕೆ ಇದ್ದೂ ಮಾಲು ಬರುತ್ತಿಲ್ಲವೆಂದರೆ ಸಂಚಾರದ ನಕ್ಷೆ ತೆರೆಯಿರಿ. ಕೆಂಪು ರಸ್ತೆಯನ್ನು ಹಿಡಿದು ವಾಹನಗಳು ಹೋಗುವ ದಿಕ್ಕಿಗೇ ಸಾಗಿ, ಸಾಲಿನ ತಲೆ ಸಿಗುವವರೆಗೆ. ರಿಪೇರಿ ಅಲ್ಲಿ ಬೇಕು. ಹೆಚ್ಚಾಗಿ ಅದು ಕೈಗಾರಿಕಾ ಪ್ರದೇಶದ ಒಂದೇ ಒಂದು ಬಾಗಿಲು. ಇನ್ನೊಂದು ರಸ್ತೆ ಕೊಡಿ, ಆದರೆ ಅದು ಮೊದಲಿನದಕ್ಕಿಂತ ಸುತ್ತು ಆಗಬಾರದು: ಈ ಆಟದ ಲಾರಿಗಳು ವಾಹನ ದಟ್ಟಣೆ ನೋಡಿ ದಾರಿ ಬದಲಿಸುವುದು ಅಷ್ಟಕ್ಕಷ್ಟೆ, ಹತ್ತಿರದ ವೇಗದ ದಾರಿಯನ್ನೇ ಹಿಡಿಯುತ್ತವೆ. ಸಂಚಾರದ ಮಾಡ್ (ಆಟದ ನಡೆ ಬದಲಿಸುವ ಹೆಚ್ಚುವರಿ ತಂತ್ರಾಂಶ) ಹಾಕಿಕೊಂಡವರಿಗೆ ಇದು ಬದಲಾಗಬಹುದು. ಸರಕು ರೈಲು ನಿಲ್ದಾಣವೂ ಒಳ್ಳೆಯದೇ, ಆದರೆ ಅದೇ ಲಾರಿಗಳನ್ನು ಸೆಳೆಯುತ್ತದೆ. ಕೂಡುರಸ್ತೆಗೆ ಅಂಟಿಸಿ ಕಟ್ಟಬೇಡಿ.

ತೆರಿಗೆಯ ಗೋಜಿಗೆ ಹೋಗಬೇಡಿ. ಮೊದಲಿಂದ ಇರುವ 9% ಸಾಕು. ತೆರಿಗೆ ಇಳಿಸಿದರೆ ಬೇಡಿಕೆ ಏರಬಹುದು, ಲಾರಿ ಮಾತ್ರ ಅಲ್ಲೇ ನಿಂತಿರುತ್ತದೆ.

ಇನ್ನು ಗದ್ದಲ. ಅಂಗಡಿಗಳ ಸದ್ದು ಪಕ್ಕದ ಮನೆಯವರ ಆರೋಗ್ಯ ಕೆಡಿಸುತ್ತದೆ, ದಟ್ಟ ವ್ಯಾಪಾರದ ವಲಯವಾದರೆ ಇನ್ನೂ ಹೆಚ್ಚು. ಬಣ್ಣ ಬಳಿದ ವಲಯವು ರಸ್ತೆಯಿಂದ ನಾಲ್ಕು ಚೌಕದಷ್ಟು ಆಳ ಇರುತ್ತದೆ. ಅಂಗಡಿಗೆ ಬೆನ್ನು ಕೊಟ್ಟ ಆ ನಾಲ್ಕು ಚೌಕಕ್ಕೆ ಆಫೀಸು ಹಾಕಿ, ಮನೆಗಳನ್ನು ಮುಂದಿನ ರಸ್ತೆಯ ಆಚೆ ಬದಿಯಿಂದ ಶುರು ಮಾಡಿ.