ಗದ್ದೆ ಏಡಿ, ಹೀರೇಕಾಯಿ ಸಾರು: ಕುಟ್ಟುವಾಗ ತಣ್ಣೀರು, ಕುದಿಯುವಾಗ ಸೌಟು ದೂರ

ಹಾನಗಲ್ಲ ಕಡೆಯ ಗದ್ದೆ, ಕೆರೆ ಬದಿಯಲ್ಲಿ ಸಿಗುವ ಸಣ್ಣ ಏಡಿಯಲ್ಲಿ ಬಿಡಿಸಿ ತಿನ್ನುವಷ್ಟು ಮಾಂಸ ಇರುವುದಿಲ್ಲ. ಕುಟ್ಟಿ ರಸ ಹಿಂಡಬೇಕು. ಹುಬ್ಬಳ್ಳಿ ಪೇಟೆಗೆ ಕಾರವಾರದಿಂದ ಬರುವ ಕಡಲೇಡಿಗೆ ಈ ಕ್ರಮ ಹೊಂದದು. ಅದರ ಚಿಪ್ಪು ಒರಳಿಗೆ ಬಗ್ಗುವಂಥದ್ದಲ್ಲ.

ನಾಲ್ಕು ಮಂದಿಗೆ ಜೀವಂತ ಏಡಿ ಅರ್ಧ ಕೆಜಿ, ಹೀರೇಕಾಯಿ 250 ಗ್ರಾಂ, ರಾಜಗಿರಿ ಪಲ್ಯ ಒಂದು ಸೂಡು, ನೀರು ಒಂದೂಕಾಲು ಲೀಟರ್, ಬಳ್ಳೊಳ್ಳಿ 6 ಎಸಳು, ಬ್ಯಾಡಗಿ ಮೆಣಸಿನಕಾಯಿ 3, ಎಣ್ಣೆ 2 ಚಮಚ, ಚೂರು ಹುಣಸೆಹಣ್ಣು. ಸತ್ತ ಏಡಿ ಬೇಡವೇ ಬೇಡ, ಬಲು ಬೇಗ ಕೊಳೆಯುತ್ತದೆ. ಔಷಧ ಹೊಡೆದ ಗದ್ದೆಯದ್ದೂ ಬೇಡ.

ಎರಡು ಬೆರಳು ನೀರಿನಲ್ಲಿ ಎರಡು ತಾಸು ಬಿಟ್ಟು, ನೀರು ಬದಲಿಸುತ್ತಿದ್ದರೆ ಕೆಸರು ಹೋಗುತ್ತದೆ. 20 ನಿಮಿಷ ಫ್ರೀಜರಿನಲ್ಲಿಟ್ಟರೆ ಏಡಿ ಮರಗಟ್ಟುತ್ತದೆ, ಕೊಂಡಿಯ ಕಾಟವಿಲ್ಲ. ಬೆನ್ನಚಿಪ್ಪು ಎತ್ತಿ, ಎರಡೂ ಬದಿಯ ಬೂದುಬಣ್ಣದ ಕಿವಿರು ಕಿತ್ತೆಸೆಯಿರಿ. ಚಿಪ್ಪಿಗಂಟಿದ ಹಳದಿಯನ್ನು ಬಟ್ಟಲಿಗೆ ಕೆರೆದಿಡಿ.

ಇನ್ನು ಅಸಲು ಕೆಲಸ. ಅರ್ಧ ಚಮಚ ಉಪ್ಪು ಹಾಕಿ ಒರಳಿನಲ್ಲಿ ಕುಟ್ಟಿ, ಅಳೆದಿಟ್ಟ ನೀರನ್ನು ಮೂರು ಸಲ ಹಾಕಿ ಕಿವುಚಿ, ಬಟ್ಟೆಯಲ್ಲಿ ಸೋಸಿ. ನೀರು ತಣ್ಣಗಿರಬೇಕು. ಬಿಸಿನೀರು ಹೊಯ್ದರೆ ಪ್ರೋಟೀನು ಚಿಪ್ಪಿನ ಚೂರಿನೊಳಗೇ ಹೆಪ್ಪುಗಟ್ಟಿ, ಬಟ್ಟೆಯಿಂದ ಬರೀ ತೆಳ್ಳನೆ ನೀರು ಇಳಿಯುತ್ತದೆ. ಮಿಕ್ಸರಿನಲ್ಲಿ ನುಣ್ಣಗೆ ತಿರುವಿದರೋ, ಚಿಪ್ಪಿನ ಪುಡಿ ಬಟ್ಟೆ ದಾಟಿ ಹಲ್ಲಿಗೆ ಉಸುಕಿನಂತೆ ಸಿಗುತ್ತದೆ. ಸೋಸಿದ್ದನ್ನು ಐದು ನಿಮಿಷ ಬಿಟ್ಟು ಬಗ್ಗಿಸಿ, ತಳದ ಗಸಿ ಚೆಲ್ಲಿ.

ನಡು ಉರಿ. ಸೋಸಿದ ರಸ ಉಗುರುಬೆಚ್ಚಗಾಗುವವರೆಗೆ ತಳ ಕೆದಕುತ್ತಿರಿ, ಇಲ್ಲದಿದ್ದರೆ ಅಡಿ ಹಿಡಿಯುತ್ತದೆ. ಆಮೇಲೆ ಸೌಟು ತೆಗೆದುಬಿಡಿ. ಮೊದಲು ಅಂಚಿನಲ್ಲಿ ಬೂದು ನೊರೆ, ನಂತರ ಒಡೆದ ಹಾಲಿನ ಗಡ್ಡೆಯಂಥ ಪದರ ಮೇಲೇಳುತ್ತದೆ. ಇದೇ ಏಡಿಯ ಮಾಂಸ. ಈಗ ಕಲಕಿದರೆ ಪದರ ಪುಡಿಯಾಗಿ ಸಾರು ರಾಡಿ. ಮುಚ್ಚಳ ಹಾಕಿದರೆ ಉಕ್ಕಿ ಒಲೆಯ ಪಾಲು. ಕುದಿ ಬಂದ ಕೂಡಲೇ ಉರಿ ತಗ್ಗಿಸಿ 10 ನಿಮಿಷ ಸಣ್ಣಗೆ ಕುದಿಸಿ, ಗಡ್ಡೆಯನ್ನು ಮೆಲ್ಲಗೆ ಬಟ್ಟಲಿಗೆ ತೆಗೆಯಿರಿ.

ಹೀರೇಕಾಯಿ ನಾಲ್ಕು ನಿಮಿಷ, ಪಲ್ಯ ಎರಡು ನಿಮಿಷ ಬೇಯಲಿ. ಹುಣಸೆರಸ ಕೊನೆಗೇ, ಹುಳಿ ಮೊದಲೇ ಬಿದ್ದರೆ ಹಸಿರು ಮಾಸಿ ಕಂದಾಗುತ್ತದೆ. ಅತ್ತ ಬಳ್ಳೊಳ್ಳಿ, ಮೆಣಸಿನಕಾಯಿ, ಏಡಿಯ ಹಳದಿಯನ್ನು ಎಣ್ಣೆಯಲ್ಲಿ ಚೆನ್ನಾಗಿ ಬಾಡಿಸಿ. ಬ್ಯಾಡಗಿಯ ಕೆಂಪು ಎಣ್ಣೆಯಲ್ಲೇ ಬಿಡುವುದು, ನೀರಿನಲ್ಲಲ್ಲ. ಈ ಒಗ್ಗರಣೆಯನ್ನೂ ಗಡ್ಡೆಯನ್ನೂ ಸಾರಿಗೆ ಹಾಕಿ, ಒಂದು ಕುದಿ ಬರಿಸಿ ಇಳಿಸಿ.

ಸಿಹಿನೀರಿನ ಏಡಿಯಲ್ಲಿ ಶ್ವಾಸಕೋಶಕ್ಕೆ ಇಳಿಯುವ ಹುಳುವಿನ ಮರಿ ಇರಬಹುದು. ಕುದಿಸಿದರೆ ಸಾಯುತ್ತದೆ, ಹಸಿ ರಸ ಸಿಡಿದ ಒರಳಿನಲ್ಲಿ ಉಳಿಯುತ್ತದೆ. ಹಸಿ ರಸದ ರುಚಿ ನೋಡಬೇಡಿ. ಅದೇ ಒರಳಿನಲ್ಲಿ ಚಟ್ನಿ ಕುಟ್ಟುವ ಮೊದಲು ಕುದಿಯುವ ನೀರು ಹೊಯ್ದು ತಿಕ್ಕಿ ತೊಳೆಯಿರಿ.