ಕೈಗಾ ಸುರಕ್ಷಿತ ಎನ್ನುವ ಮಾತನ್ನು ನಂಬುವುದು ಹೇಗೆ?

ಪ್ರಶ್ನೆ: ನಮ್ಮ ಮನೆ ಕದ್ರಾದ ಹತ್ತಿರ. ಅಣುಸ್ಥಾವರದಿಂದ ಏನೂ ಅಪಾಯವಿಲ್ಲ ಎಂದು ಅಧಿಕಾರಿಗಳು ಹೇಳುತ್ತಲೇ ಇರುತ್ತಾರೆ. ನಂಬಬಹುದೇ?

ಉತ್ತರ: ಎಡವಟ್ಟಾದ ದಿನಗಳಲ್ಲಿ ಏನು ನಡೆಯಿತೆಂದು ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

1994ರ ಮೇ 13ರಂದು ಒಂದನೇ ಘಟಕದ ಗುಮ್ಮಟದ ಒಳಮೈಯ ಕಾಂಕ್ರೀಟ್ ಕಳಚಿ ಬಿತ್ತು. ಆಗಿನ್ನೂ ನಿರ್ಮಾಣ ನಡೆದಿತ್ತು, ಒಳಗೆ ಇಂಧನವಿರಲಿಲ್ಲ. ವಿನ್ಯಾಸ ಬದಲಿಸಿ ಮತ್ತೆ ಕಟ್ಟಿದರು. 2000ದಲ್ಲಿ ವಿದ್ಯುತ್ ಕೊಡತೊಡಗಿದ ಅದೇ ಘಟಕ, 2018ರ ಕೊನೆಯ ಹೊತ್ತಿಗೆ 962 ದಿನ ನಿಲ್ಲದೆ ಓಡಿ ದಾಖಲೆ ಬರೆಯಿತು.

2009ರ ನವೆಂಬರ್‌ನದು ಇನ್ನೂ ಕಳವಳದ ಸಂಗತಿ. ಕಾರ್ಮಿಕರು ಕುಡಿಯುವ ನೀರಿನ ಕೂಲರ್‌ಗೆ ಯಾರೋ ರಿಯಾಕ್ಟರ್‌ನಲ್ಲಿ ಬಳಸುವ ಭಾರಜಲ ಬೆರೆಸಿದ್ದರು; ಅದರಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕವಿತ್ತು. 50ಕ್ಕೂ ಹೆಚ್ಚು ಜನರ ದೇಹಕ್ಕೆ ಅದು ಸೇರಿತ್ತು. ಪತ್ತೆಯಾದದ್ದು ವಾಡಿಕೆಯ ಮೂತ್ರ ಪರೀಕ್ಷೆಯಲ್ಲಿ. ತಪಾಸಣೆ ಕೆಲಸ ಮಾಡಿತು, ಕಾವಲು ಸೋತಿತು. ಎರಡನ್ನೂ ಒಟ್ಟಿಗೇ ಹೇಳುವವರ ಮಾತನ್ನು ನಾನು ನಂಬುತ್ತೇನೆ.

ಇನ್ನರ್ಧ ಉತ್ತರ, ತಪಾಸಣೆ ಮಾಡುವವರು ಯಾರ ಕೈಕೆಳಗಿದ್ದಾರೆ ಎಂಬುದು. ಸ್ಥಾವರಗಳ ಸುರಕ್ಷತೆಯ ಮೇಲೆ ಕಣ್ಣಿಡುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 1983ರಲ್ಲಿ ಸರ್ಕಾರಿ ಆದೇಶದಿಂದ ಹುಟ್ಟಿತು. ಅದು ವರದಿ ಒಪ್ಪಿಸಬೇಕಿದ್ದುದು ಪರಮಾಣು ಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರೇ ಸ್ಥಾವರ ನಡೆಸುವ ಇಲಾಖೆಯ ಕಾರ್ಯದರ್ಶಿ. ಮಂಡಳಿಗೆ ಸ್ವಾಯತ್ತತೆ ಸಾಲದೆಂದು 2012ರಲ್ಲಿ ಮಹಾಲೇಖಪಾಲರ ವರದಿಯೇ ಹೇಳಿತು. ಇಂಥ ಕೊರತೆ ಕಂಡಿರುವಾಗ ಅನುಮಾನ ಪಡುವವರನ್ನು ಅಜ್ಞಾನಿಗಳೆಂದು ಗದರುವುದು ಅನ್ಯಾಯ.

ಕೈಗಾ ಇರುವುದು ಕಾಳಿ ಹೊಳೆಯ ದಂಡೆಯಲ್ಲಿ. ಕಾರವಾರದ ಮಾರುಕಟ್ಟೆಯಲ್ಲಿ ಒಮ್ಮೆ ಸಿಗಡಿ ಆರಿಸುತ್ತಾ, "ಅಕ್ಕಾ, ಕಾಳಿ ಹೊಳೆಯದೇ?" ಎಂದು ಕೇಳಿದ್ದೆ. ಬುಟ್ಟಿಯ ಮೇಲಿನ ಒದ್ದೆ ಗೋಣಿ ಸರಿಸಿ, "ಹೌದು ತಮ್ಮಾ, ನಮ್ಮ ಮನೆಯ ಸಾರಿಗೂ ಇದೇ" ಎಂದರು. ಮರುಮಾತಿಲ್ಲದೆ ಕೊಂಡೆ. ಅಧಿಕಾರಿಗಳಿಂದ ಆ ಬಗೆಯ ಉತ್ತರ ನನಗೆ ಸಿಕ್ಕಿಲ್ಲ.

ಆದರೆ ಅಂಕಿ ಕೇಳಬಹುದು. ಕೈಗಾದಲ್ಲಿ ಪರಿಸರ ಸಮೀಕ್ಷಾ ಪ್ರಯೋಗಾಲಯವಿದೆ. ನೀರು, ಮೀನು, ಹಾಲು, ಮಣ್ಣನ್ನು ಅಲ್ಲಿ ಪರೀಕ್ಷಿಸುತ್ತಾರೆ. ಸ್ಥಾವರದಿಂದ ಜನಸಾಮಾನ್ಯರಿಗೆ ತಗಲಬಹುದಾದ ವಿಕಿರಣದ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ಕನ್ನಡದಲ್ಲೇ ಬರೆಯಬಹುದು, ಕಾನೂನು ಒಪ್ಪುತ್ತದೆ. ಕದ್ರಾ ಜಲಾಶಯದ ನೀರು ಮತ್ತು ಮೀನಿನಲ್ಲಿ ಟ್ರಿಟಿಯಂ ಎಷ್ಟಿತ್ತೆಂದು ತಿಂಗಳುವಾರು ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಬಂದರೆ ಅದನ್ನು ನಿಮ್ಮ ಪಂಚಾಯಿತಿಯ ಫಲಕಕ್ಕೆ ಅಂಟಿಸಿ.