ಆಂತರಿಕ ಅಭಿಪ್ರೇರಣೆ: ಬಹುಮಾನದ ಆಸೆ ತೋರಿಸಿದಾಗ ಆಸಕ್ತಿಗೆ ಏನಾಗುತ್ತದೆ?

ಕೆಲಸವೊಂದಕ್ಕೆ ಕೈಹಾಕುವಂತೆ ಮಾಡಿ, ಅದನ್ನು ನಡುವೆ ಕೈಬಿಡದಂತೆ ನೋಡಿಕೊಳ್ಳುವ ಶಕ್ತಿಯನ್ನು ಮನೋವಿಜ್ಞಾನದಲ್ಲಿ ಅಭಿಪ್ರೇರಣೆ ಎನ್ನುತ್ತಾರೆ. ಅದರ ಎರಡು ವಿಧಗಳು ಬಿ.ಇಡಿ. ಓದಿದವರಿಗೆಲ್ಲ ಬಾಯಿಪಾಠ. ಸಂಬಳ, ಅಂಕ, ಬಹುಮಾನ, ಶಿಕ್ಷೆಯ ಭಯ ಇವುಗಳಿಂದ ಬರುವುದು ಬಾಹ್ಯ. ಆ ಕೆಲಸದಲ್ಲೇ ಸಿಗುವ ಕುತೂಹಲ, ಸಂತೋಷಗಳಿಂದ ಹುಟ್ಟುವುದು ಆಂತರಿಕ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಮಕ್ಕಳನ್ನು ಬೆಳೆಸುವವರು ತಿಳಿಯಬೇಕಾದದ್ದು ಬೇರೆಯೇ ಇದೆ: ಮೊದಲನೆಯದು ಎರಡನೆಯದನ್ನು ಕುಗ್ಗಿಸಬಲ್ಲದು.

ಹಸಿವು, ಬಾಯಾರಿಕೆ, ನೋವಿನಂತಹ ದೈಹಿಕ ಅಗತ್ಯಗಳೇ ಪ್ರಾಣಿಗಳ ಕಲಿಕೆಗೆ ಮೂಲ ಎಂಬ ನಂಬಿಕೆ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಬಲವಾಗಿತ್ತು. ಅಮೆರಿಕದ ಮನೋವಿಜ್ಞಾನಿ ಹ್ಯಾರಿ ಹಾರ್ಲೋ ಅವರ ಪ್ರಯೋಗದ ಕೋತಿಗಳು ಅದನ್ನು ಅಲುಗಾಡಿಸಿದವು. ಚಿಲಕ, ಕೊಕ್ಕೆಗಳಿದ್ದ ಯಾಂತ್ರಿಕ ಒಗಟುಗಳನ್ನು ಆಹಾರದ ಆಮಿಷವಿಲ್ಲದೆಯೇ ಅವು ಬಿಡಿಸಿದವು, ಮತ್ತೆ ಮತ್ತೆ ಬಿಡಿಸಿದವು. ಈ ಫಲಿತಾಂಶ 1950ರಲ್ಲಿ ಪ್ರಕಟವಾಯಿತು.

ನನಗೆ ಇನ್ನೂ ಮುಖ್ಯವೆನಿಸುವುದು 1973ರಲ್ಲಿ ಮಾರ್ಕ್ ಲೆಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಪ್ರಕಟಿಸಿದ ಅಧ್ಯಯನ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ, ಚಿತ್ರ ಬರೆಯುವುದೆಂದರೆ ಮೊದಲೇ ಇಷ್ಟವಿದ್ದ ಮಕ್ಕಳನ್ನು ಅವರು ಆರಿಸಿಕೊಂಡರು. ಕೆಲವರಿಗೆ, ಬಣ್ಣದ ಪೆನ್ನುಗಳಿಂದ ಚಿತ್ರ ಬರೆದರೆ ಚಿನ್ನದ ಬಣ್ಣದ ಮುದ್ರೆ ಮತ್ತು ರಿಬ್ಬನ್ ಇರುವ ಪ್ರಶಸ್ತಿಪತ್ರ ಸಿಗುತ್ತದೆ ಎಂದು ಮುಂಚಿತವಾಗಿ ಹೇಳಿದರು. ಇನ್ನು ಕೆಲವರಿಗೆ ಏನನ್ನೂ ಹೇಳದೆ, ಚಿತ್ರ ಮುಗಿದ ಮೇಲೆ ಅದೇ ಪತ್ರ ಕೊಟ್ಟರು. ಉಳಿದವರಿಗೆ ಯಾವುದೂ ಇಲ್ಲ. ಒಂದೆರಡು ವಾರಗಳ ನಂತರ ಅದೇ ಪೆನ್ನುಗಳನ್ನು ಆಟದ ವೇಳೆಯಲ್ಲಿ ಸುಮ್ಮನೆ ಮೇಜಿನ ಮೇಲಿಟ್ಟು ಗಮನಿಸಿದರು. ಪ್ರಶಸ್ತಿಯ ಮಾತು ಕೇಳಿ ಬರೆದಿದ್ದ ಮಕ್ಕಳು, ಉಳಿದ ಮಕ್ಕಳು ಕಳೆದ ಸಮಯದ ಅರ್ಧದಷ್ಟನ್ನು ಮಾತ್ರ ಚಿತ್ರಗಳಿಗೆ ಕೊಟ್ಟರು. ಅನಿರೀಕ್ಷಿತವಾಗಿ ಪಡೆದವರ ಉತ್ಸಾಹಕ್ಕೆ ಅಂತಹ ಪೆಟ್ಟೇನೂ ಬೀಳಲಿಲ್ಲ.

ಪತ್ರ ಒಂದೇ, ಆದರೂ ಫಲ ಬೇರೆ. ಕೆಡಿಸಿದ್ದು ಬಹುಮಾನವಲ್ಲ, ‘ಇದು ಮಾಡಿದರೆ ಅದು ಕೊಡುತ್ತೇನೆ’ ಎಂಬ ಕರಾರು. ನಾವು ಏಕೆ ಹೀಗೆ ಮಾಡುತ್ತೇವೆ ಎಂಬುದನ್ನು ನಾವೂ ಹಲವು ಬಾರಿ ನಮ್ಮ ನಡತೆಯನ್ನು ನೋಡಿಯೇ ಊಹಿಸುತ್ತೇವೆ. ಎದುರಿಗೆ ದೊಡ್ಡ ಆಮಿಷ ಇದ್ದಾಗ, ‘ಇದಕ್ಕಾಗಿ ಬರೆದೆ’ ಎಂಬ ಕಾರಣ ಸುಲಭವಾಗಿ ಕೈಗೆ ಸಿಗುತ್ತದೆ. ‘ಇಷ್ಟವಾಗಿ ಬರೆದೆ’ ಎಂಬುದು ಹಿಂದೆ ಸರಿಯುತ್ತದೆ. ಇದನ್ನು ಅತಿಸಮರ್ಥನೆಯ ಪರಿಣಾಮ ಎನ್ನುತ್ತಾರೆ. ಕಥೆಪುಸ್ತಕವನ್ನು ತಾನಾಗಿಯೇ ಓದುತ್ತಿರುವ ಮಗುವಿಗೆ ‘ಹತ್ತು ಪುಟ ಓದಿದರೆ ಮೊಬೈಲ್ ಕೊಡುತ್ತೇನೆ’ ಎನ್ನುವ ಮೊದಲು ದಯವಿಟ್ಟು ಇದನ್ನು ನೆನೆಯಿರಿ.

ಹಾಗಾದರೆ ಆಸಕ್ತಿ ಉಳಿಯುವುದು ಯಾವುದರಿಂದ? ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಮೂರು ಮಾನಸಿಕ ಅಗತ್ಯಗಳನ್ನು ಗುರುತಿಸಿದ್ದಾರೆ: ಇದು ನನ್ನ ಆಯ್ಕೆ ಎಂಬ ಭಾವ, ನನ್ನಿಂದ ಆಗುತ್ತದೆ ಎಂಬ ಭಾವ, ನನ್ನವರು ಜೊತೆಗಿದ್ದಾರೆ ಎಂಬ ಭಾವ. ಡೆಸಿ ಅವರ 1971ರ ಪ್ರಯೋಗಗಳಲ್ಲಿ ಹಣ ಕೊಟ್ಟಾಗ ಆಸಕ್ತಿ ತಗ್ಗಿದರೆ, ಮೆಚ್ಚುಗೆಯ ಮಾತಿನಿಂದ ಅದು ಹೆಚ್ಚಿತು.

ಹಾಗೆಂದು ಬಹುಮಾನಗಳನ್ನೆಲ್ಲ ಬದಿಗಿಡಬೇಕಿಲ್ಲ. ಈ ಹಾನಿ ಕಾಣಿಸುವುದು ಮೊದಲೇ ಇಷ್ಟವಿರುವ ಕೆಲಸಗಳಲ್ಲಿ. ಮಗ್ಗಿ ಎಂದರೆ ಬೇಸರಪಡುವ ಮಗುವಿಗೆ ಸಣ್ಣ ಉಡುಗೊರೆಯ ಆಸೆ ತೋರಿಸಿದರೆ ಕಳೆದುಕೊಳ್ಳಲು ಅಲ್ಲಿ ಆಸಕ್ತಿಯೇ ಇರುವುದಿಲ್ಲ.